ಮೈನಸ್ ಎಂಬತ್ತು

ಮಾರ್ಚ್ ಮೂವತ್ತೊಂದರ ರಾತ್ರಿ ಹನ್ನೆರಡಕ್ಕೆ
ನಮ್ಮ ದುಡ್ಡು ಸತ್ತಿತು.
ಸದ್ದಾಗಲಿಲ್ಲ.
ಬೆಳಿಗ್ಗೆ ಲೆಕ್ಕ ವಿಭಾಗದ ಐಯಣ್ಣನವರು ಪರದೆ ತಿರುಗಿಸಿ ತೋರಿಸಿದರು:
ಒಂದು ಸೊನ್ನೆ, ಚುಕ್ಕಿ,
ಚುಕ್ಕಿಯ ಆಚೆಗೂ ಎರಡು ಸೊನ್ನೆ.
‘ಲ್ಯಾಪ್ಸ್ ಆಗಿದೆ ಡಾಕ್ಟ್ರೇ’ ಎಂದರು,
ಹಾಲು ಒಡೆದಿದೆ ಎನ್ನುವ ದನಿಯಲ್ಲಿ.

ಸುಂಟಿಕೊಪ್ಪದ ಹತ್ತಿರ ಅವರಿಗೆ ಮೂರೆಕರೆ ರೊಬಸ್ಟಾ ಇದೆ.
ಬಲ್ಲ ಭಾಷೆಯಲ್ಲೇ ಬಿಡಿಸಿ ಹೇಳಿದರು:
ಮೊದಲ ಕಂತು ಹೂಮಳೆ. ಬಂತು, ಮೊಗ್ಗು ಬಿರಿಯಿತು.
ಅದರ ಬೆನ್ನಿಗೆ ಬರಬೇಕಾದದ್ದು ದಿಲ್ಲಿಯಲ್ಲೇ ನಿಂತಿದೆ.
ಇಪ್ಪತ್ತು ದಿನ ಕಾಯಬಹುದು,
ಆಮೇಲೆ ಆ ಹೂವೆಲ್ಲ...
ಉಳಿದ ಮಾತಿಗೆ ಕೈ ಆಡಿಸಿ
ಕಾಫಿ ತರಿಸಿದರು.

ಎರಡನೇ ಮಹಡಿಯ ಕೊನೆಯ ಕೋಣೆಯಲ್ಲಿ
ಫ್ರೀಜರ್ ಮಾತ್ರ ಏನೂ ತಿಳಿಯದೆ ಗುಂಯ್ಗುಡುತ್ತಿತ್ತು.
ಒಳಗೆ ಆರುನೂರ ಹನ್ನೆರಡು ನಳಿಗೆ,
ತಿತಿಮತಿಯಿಂದ ನಾಗರಹೊಳೆಯ ಅಂಚಿನವರೆಗಿನ
ಹಾಡಿಗಳ ನೆತ್ತರು.
ಪ್ರತಿಯೊಂದಕ್ಕೂ ಸಫ್ವಾನನ ದುಂಡಕ್ಷರದ ಚೀಟಿ.
ಅವನ ಗುತ್ತಿಗೆಯೂ ಆ ರಾತ್ರಿಯೇ ಮುಗಿದಿತ್ತು.
ಏಪ್ರಿಲ್ ಒಂದಕ್ಕೆ ಬಂದ. ಎರಡಕ್ಕೂ ಬಂದ.
‘ಸಂಬಳ ಇಲ್ಲ ಕಣಪ್ಪ’ ಎಂದೆ.
‘ತಾಪಮಾನ ಬರೆಯೋಕೆ ಯಾರಾದ್ರೂ ಬೇಕಲ್ಲ ಮೇಡಂ.’
ಬೆಳಿಗ್ಗೆ ಎಪ್ಪತ್ತೊಂಬತ್ತು, ಸಂಜೆ ಎಂಬತ್ತು,
ಬೆಳಿಗ್ಗೆ ಎಂಬತ್ತು.
ಒಂಬತ್ತನೇ ತಾರೀಕು ಬರಲಿಲ್ಲ.
ಕುಶಾಲನಗರದಲ್ಲಿ ಅವನ ಭಾವನ ಮೊಬೈಲ್ ಅಂಗಡಿಯಿದೆ.
ಪುಸ್ತಕದಲ್ಲಿ ಆ ದಿನದ ಸಾಲು ಖಾಲಿ. ನಾನು ತುಂಬಲಿಲ್ಲ.
ನೋಡದ ಅಂಕಿ ಬರೆಯಬಾರದೆಂದು
ಅವನಿಗೆ ಕಲಿಸಿದವಳು ನಾನೇ.

ಪತ್ರ ಬರೆದೆ. ಬಳಕೆ ಪ್ರಮಾಣಪತ್ರ ಕೇಳಿದರು.
ಕಳಿಸಿದೆ. ಬೇರೆ ನಮೂನೆಯಲ್ಲಿ ಕೇಳಿದರು.
ಕಳಿಸಿದೆ. ಹೋದ ವರ್ಷದ ಬಡ್ಡಿ
ನಲವತ್ತೇಳು ರೂಪಾಯಿ ಹಿಂದಿರುಗಿಸಿಲ್ಲ ಎಂದರು.
ಸೊನ್ನೆಯಾದ ಖಾತೆಯಿಂದ ಕಟ್ಟಲು ಬರುವುದಿಲ್ಲ,
ನನ್ನ ಪರ್ಸಿನಿಂದ ಕಟ್ಟಲು ನಿಯಮವಿಲ್ಲ.
ಆ ನಲವತ್ತೇಳು ರೂಪಾಯಿ ಈಗಲೂ ಮೇಜಿನ ಮೇಲಿದೆ,
ಪೇಪರ್‌ವೆಯ್ಟಿನ ಕೆಳಗೆ. ನೋಟು ಎರಡು, ನಾಣ್ಯ ನಾಲ್ಕು.

ಹದಿನಾರಕ್ಕೆ ಬೊಳಚಿ ಬಂದಳು.
ಎರಡು ಬಸ್ಸು ಬದಲಿಸಿ,
ತೋಟದಲ್ಲಿ ಒಂದು ದಿನದ ಕೂಲಿ ಬಿಟ್ಟು.
ಹಾಡಿಹಾಡಿಗೆ ನನ್ನ ಮುಂದೆ ನಡೆದವಳು ಅವಳೇ.
ಕಣ ಕುಡುಗೋಲಿನಂತೆ ಬಾಗುತ್ತದೆಂದು ಚಿತ್ರ ಬರೆದು ತೋರಿಸಿದಾಗ
‘ಕತ್ತಿ ನೆತ್ರು’ ಎಂದು ಹೆಸರಿಟ್ಟವಳು,
ತನ್ನ ಜನಕ್ಕೆ ನನಗಿಂತ ಚೆನ್ನಾಗಿ ಹೇಳಿದವಳು,
ಎಲ್ಲರಿಗಿಂತ ಮೊದಲು ತನ್ನ ಮಗಳ ತೋಳು ಚಾಚಿದವಳು.
ಮೊದಲ ಪರೀಕ್ಷೆಯಲ್ಲಿ ಆ ಹುಡುಗಿಗೆ ಗೆರೆ ಬಂದಿತ್ತು.
ಎರಡನೆಯದು ಬಾಕಿ.

‘ಕಾರ್ಡು?’ ಎಂದಳು.
ದುಡ್ಡು ನಿಂತಿದೆ ಎಂದೆ. ದಿಲ್ಲಿ ಎಂದೆ. ನಮೂನೆ ಎಂದೆ.
ಪೂರ್ತಿ ಕೇಳಿಸಿಕೊಂಡಳು.
‘ನೋಡೋದಿಲ್ಲ ಅಂದ್ರೆ ವಾಪಸ್ ಕೊಡು.
ನಮ್ ನೆತ್ರು ನಮಗೆ.’

ತೆರೆಯಬಾರದಿತ್ತು. ತೆರೆದೆ.
ಬಿಳಿ ಹೊಗೆ ನೆಲಕ್ಕಿಳಿದು ಅವಳ ಬರಿಗಾಲು ಸುತ್ತಿತು.
ಮೂರನೇ ಅರೆ, ನೀಲಿ ಪೆಟ್ಟಿಗೆ, ಮುನ್ನೂರ ಎಂಬತ್ತೆಂಟು.
ಬೊಟ್ಟು ಮಾಡಿದೆ, ಮುಟ್ಟಲು ಬಿಡಲಿಲ್ಲ.

ಬಗ್ಗಿ ನೋಡಿದಳು, ಬಹಳ ಹೊತ್ತು.
‘ಚಳಿ ತಾಗಿಸಬೇಡ ಮಗೂಗೆ, ಮೂಳೆ ನೋವು ಬರ್ತದೆ ಅಂದಿದ್ದೆ ನೀನು.
ನಾನು ಕಂಬಳಿ ಹೊದಿಸ್ತೀನಿ, ಬೆಂಕಿ ಹಾಕ್ತೀನಿ,
ಬೆಳಿಗ್ಗೆ ತಣ್ಣೀರು ಮುಟ್ಟೋಕೆ ಬಿಡೋದಿಲ್ಲ.
ನೀನು ಇಲ್ಲಿ ಇಟ್ಟಿದ್ದೀಯ.’

ಚಳಿಯೇ ಕಾಪಾಡುತ್ತದೆ ಎನ್ನಬೇಕಿತ್ತು.
ಅದು ನಿಜ.
ಹೇಳಲು ಬಾಯಿ ಬರಲಿಲ್ಲ.

ಕೊನೇ ಬಸ್ಸಿಗೆ ಹೊರಟಳು.
ಬಸ್ಸಿನ ದುಡ್ಡು ಕೊಡಹೋದರೆ
ಪೇಪರ್‌ವೆಯ್ಟಿನ ಕಡೆ ಒಮ್ಮೆ ನೋಡಿ,
‘ಅದು ಯಾರ್ದೋ, ಇರ್ಲಿ’ ಎಂದಳು.

ಬಾಗಿಲು ಹಾಕಿ, ಅಂಕಿ ಇಳಿಯುವುದನ್ನು ಕಾಯುತ್ತ ನಿಂತೆ.
ಪುಸ್ತಕ ತೆಗೆದು ಸಫ್ವಾನನ ಪೆನ್ನಿನಲ್ಲಿ ಬರೆದೆ:
ಹದಿನಾರು, ಸಂಜೆ ಐದೂ ಹತ್ತು, ಮೈನಸ್ ಎಪ್ಪತ್ತೊಂದು.
ಕಾರಣ ಎಂಬ ಅಂಕಣದಲ್ಲಿ:
ತಾಯಿ ನೋಡಲು ಬಂದಿದ್ದರು.